ಕಂಬದ ಮರದ ಒಂದೇ ಹಣ್ಣು

ಊಟ ಮುಗಿಸಿ ತೋಟಕ್ಕೆ ಬಂದ ಸಿರಿಲ್ ಪೆನ್‌ಫೋಲ್ಡ್ ಎದೆ ಹಿಡಿದುಕೊಂಡ. ಅವನ ಸೇಬಿನ ಗಿಡಕ್ಕೆ ಯಾರೋ ಹಗ್ಗ ಕಟ್ಟಿ ಕ್ಯಾಂಟೀನಿನ ಮೇಜುಬಟ್ಟೆಗಳನ್ನು ಒಣಹಾಕಿದ್ದರು. ಗಿಡದಲ್ಲಿದ್ದ ಒಂದೇ ಒಂದು ಹಣ್ಣು ಮಾಯವಾಗಿತ್ತು.

ಕೆಂಟ್ ಸೀಮೆಯ ಆ ಸಂಶೋಧನಾ ತೋಟದಲ್ಲಿ ಸಿರಿಲ್ ಹನ್ನೆರಡು ವರ್ಷ ಹೆಣಗಿದ್ದು ಆ ಹಣ್ಣಿಗಾಗಿಯೇ. ಕೆನಡಾದಿಂದ ಬಂದ, ಕೊಂಬೆ ಚಾಚದೆ ಕಂಬದಂತೆ ಬೆಳೆಯುವ ಸೇಬಿನ ಪರಾಗವನ್ನು ಊರಿನ ರುಚಿಯಾದ ಸೇಬಿನ ಹೂವಿಗೆ ಸವರಿ, ಬೀಜ ಬಿತ್ತಿ ಎಬ್ಬಿಸಿದ ಗಿಡವದು. ಕಂಬದ ಮೈಕಟ್ಟು ಬಂದಿತ್ತು. ರುಚಿ ಬಂದಿದೆಯೇ ಎಂದು ಇವತ್ತು ನಾಲ್ಕು ಗಂಟೆಗೆ ನಿರ್ದೇಶಕ ಡಾ. ಥ್ರೆಲ್‌ಫಾಲ್ ಕಚ್ಚಿ ನೋಡುವವರಿದ್ದರು. ಒಪ್ಪಿದರೆ ತಳಿಗೆ ಸಿರಿಲ್‌ನ ಹೆಸರು.

ಬಟ್ಟೆಗಳ ನಡುವಿನಿಂದ ಅಡುಗೆಯ ಬೆರಿಲ್ ತಲೆ ತೂರಿಸಿದಳು.

"ಇದು ಗಿಡಾನಾ? ಬಟ್ಟೆ ಒಣಗಿಸೋಕೆ ಕಂಬ ನೆಟ್ಟಿದಾರೆ ಅಂದ್ಕೊಂಡೆ ಕಣಪ್ಪಾ!"

"ಕಂಬದಲ್ಲಿ ಹಣ್ಣು ಬಿಡುತ್ತೇನಮ್ಮಾ?"

"ಯಾರೋ ಸಿಕ್ಕಿಸಿ ಹೋಗಿದಾರೆ ಅಂತ ತಿಂದೆ. ಆಹಾ, ಜೇನು ಕಣೋ!"

ಸಿರಿಲ್‌ಗೆ ಒಂದು ಕಣ್ಣಲ್ಲಿ ನಗು, ಇನ್ನೊಂದರಲ್ಲಿ ಅಳು. ಜೇನಂತೆ! ಆದರೆ ಸಾಕ್ಷಿ ಬೆರಿಲ್‌ಳ ಹೊಟ್ಟೆಯಲ್ಲಿ.

"ಅಳ್ಬೇಡ. ಕಡುಬಿಗೆ ತಂದಿರೋ ಸೇಬಲ್ಲಿ ಒಂದು ಕೊಡ್ತೀನಿ, ಗಿಡಕ್ಕೆ ಕಟ್ಬಿಡು."

ಬೆರಿಲ್ ಹಣ್ಣು ತಂದು, ತನ್ನ ಏಪ್ರನ್ನಿನ ಬಿಳಿ ದಾರ ಎಳೆದುಕೊಟ್ಟಳು. ಸಿರಿಲ್ ಮೊದಲು ಹಣ್ಣನ್ನು ತಲೆಕೆಳಗಾಗಿ ಕಟ್ಟಿದ. ಆಮೇಲೆ ತನ್ನ ಹೆಬ್ಬೆರಳನ್ನೂ ಸೇರಿಸಿ ಕಟ್ಟಿದ. ಬೆರಳು ಬಿಡಿಸುವಷ್ಟರಲ್ಲಿ ಗಾಳಿ ಬೀಸಿ, ಒದ್ದೆ ಮೇಜುಬಟ್ಟೆಯೊಂದು ಅವನನ್ನು ದೋಸೆಯೊಳಗಿನ ಪಲ್ಯದಂತೆ ಸುತ್ತಿಕೊಂಡಿತು.

"ಪೆನ್‌ಫೋಲ್ಡ್, ಒಳಗೇನು ಮಾಡ್ತಿದೀಯ?"

ನಿರ್ದೇಶಕರು ಅರ್ಧ ಗಂಟೆ ಮುಂಚೆಯೇ ಬಂದಿದ್ದರು!

"ಹಣ್ಣಿಗೆ... ನೆರಳು ಮಾಡ್ತಿದ್ದೆ ಸಾರ್."

ಸಿರಿಲ್ ಬಟ್ಟೆ ಬಿಡಿಸಿಕೊಳ್ಳುತ್ತಿದ್ದಂತೆ ಅವರು ಕನ್ನಡಕ ಏರಿಸಿ ಹಣ್ಣಿನತ್ತ ಬಗ್ಗಿದರು. ಅವರ ಹುಬ್ಬು ಗಂಟಿಕ್ಕಿತು.

"ಇದೇನಿದು, ಬಿಳಿ ದಾರ? ನಾನು ಹಸಿರು ದಾರದಲ್ಲಲ್ವಾ ಕಟ್ಟಿದ್ದು?"

ಮಾತು ಬಾಯಿಂದ ಜಾರಿದ್ದೇ ತಡ, ಅವರ ಮುಖ ಸೇಬಿಗಿಂತ ಕೆಂಪಾಯಿತು.

"ನೀವು... ಕಟ್ಟಿದ್ದಾ ಸಾರ್?"

"ಸೋಮವಾರ ಈ ಕಡೆ ಬಂದಿದ್ದೆ. ಆಸೆ ತಡೀಲಿಲ್ಲ ಕಣಯ್ಯಾ. ತಿಂದ್ಬಿಟ್ಟು, ಅಂಗಡಿಯಿಂದ ಒಂದು ತಂದು ಕಟ್ಟಿದ್ದೆ."

ಸಿರಿಲ್‌ಗೆ ಸಿಟ್ಟು ಮಾಡಿಕೊಳ್ಳುವುದೂ ಮರೆತುಹೋಯಿತು. "ನಿಜವಾದ ಹಣ್ಣು ಹೇಗಿತ್ತು ಸಾರ್?"

"ಹಸಿ ಆಲೂಗಡ್ಡೆ," ಎಂದರು ನಿರ್ದೇಶಕರು ಮೆಲ್ಲಗೆ. ಏನೂ ತೋಚದೆ ಕಟ್ಟಿದ್ದ ಹಣ್ಣನ್ನು ಕಿತ್ತು ಕಚ್ಚಿದರು. ಅವರ ಕಣ್ಣರಳಿತು.

"ಇದು ಬಹಳ ಚೆನ್ನಾಗಿದೆ ಪೆನ್‌ಫೋಲ್ಡ್! ಎಲ್ಲಿ ಸಿಕ್ತಯ್ಯಾ?"