ಹಳದಿ ಅಂಗಿಯ ಆದರ್ಶ ವಿದ್ಯಾರ್ಥಿನಿ

ನಾನು ಹೇಳಿದ್ದಕ್ಕೆ ಯಾರಾದರೂ ತಲೆಯಾಡಿಸಿದರೆ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಯಲ್ಲಿ ಆ ಸುಖವಿಲ್ಲ. ಹೆಂಡತಿ ರೇಖಾ ತಲೆಯಾಡಿಸುತ್ತಾಳೆ, ಆದರೆ ಅಡ್ಡಡ್ಡ. ಅಬುಧಾಬಿಯ ನನ್ನ ಆಫೀಸಿನಲ್ಲಂತೂ ಎಲ್ಲರೂ ನನಗಿಂತ ದೊಡ್ಡ ಎಂಜಿನಿಯರುಗಳು. ಹಾಗಾಗಿ ಇಲ್ಲಿನ ಕನ್ನಡದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುವವರು ಬೇಕೆಂದು ವಾಟ್ಸಾಪಿನಲ್ಲಿ ಬಂದಾಗ, ಪೂರ್ತಿ ಓದುವ ಮೊದಲೇ ಒಪ್ಪಿಕೊಂಡುಬಿಟ್ಟೆ.

ಇನ್ನೊಂದು ಕಾರಣವೂ ಇತ್ತು. ಶಾಲೆಯ ಚಳಿಗಾಲದ ರಜೆಗೆ ನಮ್ಮವ್ವ ಧಾರವಾಡದಿಂದ ವಿಸಿಟ್ ವೀಸಾದಲ್ಲಿ ಬರುವವಳಿದ್ದಳು. ವಿಡಿಯೋ ಕಾಲಿನಲ್ಲಿ ಅವಳು ಏನು ಕೇಳಿದರೂ ನನ್ನ ಮಗಳು ಸಾನಿಕಾಳದು ಒಂದೇ ಉತ್ತರ: "ಯೆಸ್ ಅಜ್ಜಿ." ಏನು ಉಂಡೆ ಎಂದರೂ ಯೆಸ್ ಅಜ್ಜಿ. "ಬರೇ ಯೆಸ್ ಕೇಳಾಕ ನಾ ವಿಮಾನ ಹತ್ತಿ ಬರಬೇಕೇನೋ?" ಎಂದು ಅವ್ವ ಕೇಳಿದ್ದು ನನಗೆ ನಿಜವಾಗಿಯೂ ಚುಚ್ಚಿತು. ಅವಳು ಬರುವುದರೊಳಗೆ ಮಗಳ ಬಾಯಲ್ಲಿ ಕನ್ನಡ ಹೊರಡಿಸಲೇಬೇಕೆಂದು ಸಾನಿಕಾಳನ್ನೂ ತರಗತಿಗೆ ಸೇರಿಸಿದೆ. ನಾನು ಹಾಲಿನಲ್ಲಿ, ಅವಳು ಬೆಡ್‌ರೂಮಿನಲ್ಲಿ. ನಡುವೆ ಗೋಡೆ ಒಂದೇ, ಆದರೂ ನನ್ನ ಪಾಠ ಇಂಟರ್‌ನೆಟ್ಟಿನಲ್ಲಿ ಲೋಕವೆಲ್ಲ ಸುತ್ತಿ ಅವಳನ್ನು ಮುಟ್ಟುತ್ತಿತ್ತು.

ಉಳಿದ ಮಕ್ಕಳದು ಹೇಳತೀರದು. ಒಬ್ಬನ ಮೂಗು ಮಾತ್ರ ಕಾಣುತ್ತಿತ್ತು, ಇನ್ನೊಬ್ಬಳ ಮನೆಯ ಫ್ಯಾನು. ಸಾನಿಕಾ ಮಾತ್ರ ನೆಟ್ಟಗೆ ಕೂತು, ನಾನು ಹೇಳಿದ್ದಕ್ಕೆಲ್ಲ ಮೆಲ್ಲಗೆ ತಲೆಯಾಡಿಸುತ್ತಿದ್ದಳು. ಪ್ರತಿವಾರ ಅದೇ ಹಳದಿ ಅಂಗಿ. ಕನ್ನಡಕ್ಕೆಂದೇ ಎತ್ತಿಟ್ಟ ಅಂಗಿಯಿರಬೇಕೆಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಸ್ವಂತ ಮಗಳಿಗೇ ಪ್ರಶ್ನೆ ಕೇಳಿ ಮೆರೆಸುತ್ತಾನೆ ಎಂದು ಯಾರೂ ಅನ್ನಬಾರದೆಂದು ಅವಳನ್ನು ಏನೂ ಕೇಳುತ್ತಿರಲಿಲ್ಲ. ದುಬೈಯ ಅಲ್ ಮುರಕ್ಕಬಾತಿನಿಂದ ಮಗನನ್ನು ಸೇರಿಸಿದ್ದ ಮಂಗಳೂರಿನ ಮುಮ್ತಾಜ್ ಫೋನು ಮಾಡಿ, "ನಿಮ್ಮ ಮಗಳು ಎಂಥ ಚಂದ ಕೂತ್ಕೊಳ್ತಾಳೆ ಮಾರಾಯ್ರೆ! ನಮ್ಮವನಿಗೆ ಕುಂಡೆ ಕುರ್ಚಿಗೆ ತಾಗುದೇ ಇಲ್ಲ" ಎಂದಾಗ, "ಅದೆಲ್ಲ ಮನೆಯ ಸಂಸ್ಕಾರ" ಎಂದುಬಿಟ್ಟೆ. ಆ ಮಾತು ಈಗ ನೆನೆದರೆ ಮೈಯೆಲ್ಲ ಮುಳ್ಳೇಳುತ್ತದೆ.

ಯಾಕೆಂದರೆ ಮುಂದಿನ ಶನಿವಾರ, ಮಕ್ಕಳಿಗೆ ಬರೆಯಲು ಕೊಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಮುಂದೆ ಸಾನಿಕಾ ನೀಲಿ ಪೈಜಾಮದಲ್ಲಿ ನಿಂತು ಮಾವಿನಕಾಯಿ ಉಪ್ಪಿನಕಾಯಿ ನೆಕ್ಕುತ್ತಿದ್ದಳು. ನನ್ನನ್ನು ಕಂಡವಳೇ, "ಅಪ್ಪಾ! ಯು ಹ್ಯಾವ್ ಅ ಕ್ಲಾಸ್ ನೌ!" ಎಂದು ನನ್ನನ್ನೇ ಗದರಿಸಿದಳು. ಓಡಿಹೋಗಿ ಲ್ಯಾಪ್‌ಟಾಪ್ ನೋಡಿದೆ. ಅಲ್ಲಿ ಹಳದಿ ಅಂಗಿಯ ಸಾನಿಕಾ ಭಕ್ತಿಯಿಂದ ತಲೆಯಾಡಿಸುತ್ತಿದ್ದಳು.

ತರಗತಿ ಮುಗಿಸಿ ಅವಳನ್ನು ಎದುರಿಗೆ ಕೂರಿಸಿಕೊಂಡೆ. "ಹೆಂಗ ಮಾಡಿದಿ, ಹೇಳು. ಕನ್ನಡದಾಗ ಹೇಳು. ಇಂಗ್ಲಿಷಿನಾಗ ಹೇಳಿದ್ರ ತಪ್ಪು ಡಬಲ್ ಆಗ್ತದ!"

ಅವಳು ಒಂದು ಕ್ಷಣ ತಡವರಿಸಿ, ಆಮೇಲೆ ಹುರುಪಿನಿಂದ ಶುರು ಮಾಡಿದಳು. "ಮೊದಲ ಕೂತು ರೆಕಾರ್ಡ್ ಮಾಡ್ಕೋಬೇಕು. ಭಾಳ ತಲಿ ಅಲ್ಲಾಡಸಬಾರದು, ಮಾಸ್ತರಿಗೆ ಡೌಟ್ ಬರ್ತದ. ನಡುವ ಒಮ್ಮೆ ಪೆನ್ ಹಿಡೀಬೇಕು. ಆಮ್ಯಾಲೆ ಆ ವಿಡಿಯೋ ಬ್ಯಾಕ್‌ಗ್ರೌಂಡಿಗೆ ಹಾಕಿ, ಕ್ಯಾಮೆರಾಕ್ಕ ಸ್ಟಿಕ್ಕರ್ ಹಚ್ಚಿಬಿಡೋದು. ಖಲಾಸ್!"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇದು ಅಚ್ಚ ನಮ್ಮವ್ವನ ಕನ್ನಡ! "ಇದನ್ನೆಲ್ಲಿ ಕಲಿತಿ?" ಎಂದು ಕೇಳಿದೆ.

"ನೀನೂ ಅಮ್ಮನೂ ಜಗಳಾಡೋದು ಕೇಳಿ."

ಇಷ್ಟು ದಿನದ ನನ್ನ ಪಾಠಕ್ಕಿಂತ ನಮ್ಮ ಜಗಳವೇ ಮೇಲಾಗಿತ್ತು. ಇರಲಿ, ಅವ್ವನಿಗೆ ಇನ್ನು ಮಾತಿನ ಜೊತೆ ಸಿಕ್ಕಿತಲ್ಲ ಎಂದು ಎದೆ ಹಗುರಾಯಿತು. ಸಾನಿಕಾ, ಯಾವ ಬಟನ್ ಒತ್ತಬೇಕು, ಯಾವುದನ್ನು ಎಲ್ಲಿಗೆ ಎಳೆಯಬೇಕು ಎಂದು ವಿವರಿಸುತ್ತಲೇ ಇದ್ದಳು. ನಾನು ಅವಳ ಬಾಯನ್ನೇ ನೋಡುತ್ತ ಹಿಗ್ಗಿನಲ್ಲಿ ಕೂತಿದ್ದೆ.

"ತಿಳೀತೇನಪ್ಪಾ?" ಎಂದಳು. ತಲೆಯಾಡಿಸಿದೆ.

"ಹಂಗಾರ ನೀ ಮಾಡಿ ತೋರಸು." ಒಂದಕ್ಷರ ತಲೆಗೆ ಹೋಗಿದ್ದರೆ ತಾನೇ? ಇನ್ನೊಮ್ಮೆ ಮೆಲ್ಲಗೆ ತಲೆಯಾಡಿಸಿದೆ.

ಸಾನಿಕಾ ನನ್ನನ್ನು ದಿಟ್ಟಿಸಿ ನೋಡಿ, ಅಡುಗೆಮನೆಯತ್ತ ಕೂಗಿದಳು: "ಅಮ್ಮಾ, ಅಪ್ಪನ್ನ ಒಮ್ಮೆ ಮುಟ್ಟಿ ನೋಡು ಬಾ. ರೆಕಾರ್ಡಿಂಗ್ ಇರಬೇಕು!"