ದೇವರ ಬಿಲ್ಲಿಗೆ ಮೂರು ಕೊಟೇಶನ್

ದೇವರಿಗೆ ಹರಕೆ ಹೊತ್ತವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಆ ಹರಕೆಯ ಸಾಮಾನಿಗೆ ಮೂರು ಕಡೆಯಿಂದ ಕೊಟೇಶನ್ ತರಿಸಿ, ಯಾವುದು ಗಟ್ಟಿ, ಯಾವುದು ಅಗ್ಗ, ಯಾವುದಕ್ಕೆ ವಾರಂಟಿ ಉಂಟು ಎಂದು ತಾಳೆ ನೋಡಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಪ್ರತಿ ಶುಕ್ರವಾರ ಅವರಿಗೆ ಊಟ ಬಡಿಸಿದ್ದೇನೆ!

ಅವರು ನನ್ನ ಗಂಡನ ಸೋದರಮಾವ. ಹಾಗಾಗಿ ನನಗೂ ಮಾವ. ದೋಹಾದ ಪಕ್ಕದ ಲುಸೈಲ್‌ನಲ್ಲಿ ಒಂದು ಕಟ್ಟಡ ಕಂಪೆನಿಯ ಖರೀದಿ ವಿಭಾಗದಲ್ಲಿ ಕೆಲಸ. ಒಂದು ಮೊಳೆ ಕೊಳ್ಳಬೇಕಾದರೂ ಮೂರು ಅಂಗಡಿಗಳ ಕೊಟೇಶನ್ ಬೇಕೆಂಬುದು ಆ ಕಂಪೆನಿಯ ಕಾನೂನು. ಕಂಪೆನಿಗೆ ಅದು ಸರಿ. ಆದರೆ ಮಾವ ಅದನ್ನು ಮೈಗೇ ಹಚ್ಚಿಕೊಂಡುಬಿಟ್ಟಿದ್ದಾರೆ. ಬಂಗುಡೆ ತರಲು ಕಳುಹಿಸಿದರೆ ಮೂರು ಮೀನಂಗಡಿಗಳಲ್ಲಿ ವಿಚಾರಿಸಿ, ಮೊದಲನೆಯದೇ ಒಳ್ಳೆಯದೆಂದು ತೀರ್ಮಾನಿಸಿ ಅಲ್ಲಿಗೆ ಮರಳುತ್ತಾರೆ. ಅಷ್ಟರಲ್ಲಿ ಬಂಗುಡೆ ಖಾಲಿ! ಆ ದಿನ ನಮಗೆ ಬೇಳೆಸಾರು.

ನಾನು ಹೊಸದಾಗಿ ಬಂದ ಕಾಲದಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ಮಾವ, ನೀವು ಮದುವೆ ಯಾಕೆ ಆಗ್ಲಿಲ್ಲ?"

"ಎಂತ ಮಾಡುದು ಮಗಾ, ಎರಡೇ ಕೊಟೇಶನ್ ಬಂದದ್ದು" ಎಂದು ಹಪ್ಪಳ ಮುರಿದರು.

ನಾವಿರುವುದು ದೋಹಾದ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ. ಇವರು, ಎಂದರೆ ನನ್ನ ಗಂಡ, ಬೆಳಕು ಹರಿಯುವ ಮೊದಲೇ ಕಂಪೆನಿಯ ಬಸ್ಸು ಹತ್ತಿದರೆ, ನಾನು ದೇವರಿಗೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಬರುತ್ತಾರೆ. ದೇವರು ಮಕ್ಕಳನ್ನು ಇನ್ನೂ ಕೊಟ್ಟಿಲ್ಲ. ಆರೋಗ್ಯ ಕೊಟ್ಟಿದ್ದಾನೆ, ಅದೇನು ಸಣ್ಣದೇ? ಶನಿವಾರದಿಂದ ಗುರುವಾರದವರೆಗೆ ಹಗಲಿನಲ್ಲಿ ನನ್ನೊಂದಿಗೆ ಮಾತನಾಡುವವರು ಯಾರೆಂದು ಕೇಳಿ. ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುವ ಫ್ರಿಜ್ಜು ಒಂದು. ಹೊಸದಾಗಿ ಹಾಕಿಸಿದ ಲಿಫ್ಟಿನೊಳಗಿನಿಂದ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಮಾಳಿಗೆಯ ನಂಬರು ಹೇಳುವ ಹೆಂಗಸು ಇನ್ನೊಬ್ಬಳು. ಅವಳ ಸ್ವರ ಇಂಪಾಗಿದೆ, ಒಪ್ಪುತ್ತೇನೆ. ಆದರೆ ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ತನ್ನದೇ ಹೇಳುತ್ತಾಳೆ.

ಇದರ ನಡುವೆ ಶುಕ್ರವಾರ ಎಂಬುದೊಂದು ಇತ್ತಲ್ಲ, ಅದು ದೇವರು ನನಗೆಂದೇ ಬೇರೆ ತೆಗೆದಿಟ್ಟದ್ದು. ಹನ್ನೊಂದು ಗಂಟೆಗೆ ಬೆಲ್ಲು. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಮಾವ, "ಎಂತ ಮಗಾ ಸಾರು? ಪರಿಮಳ ಲಿಫ್ಟಿಗೇ ಬಂತು!" ಎನ್ನುತ್ತಾರೆ. ಆಮೇಲೆ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಜಗಳವೂ ಆಗುತ್ತದೆ. ಜಗಳವಾಡುವಷ್ಟು ಹತ್ತಿರದವರೊಬ್ಬರು ಇರುವುದೂ ಒಂದು ಭಾಗ್ಯವೇ ಎಂದು ಗಲ್ಫಿಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಅಂಥ ಒಂದು ಶುಕ್ರವಾರ ಊಟದ ನಡುವೆ ಮಾವ ಹೇಳಿದರು, "ಕಂಪೆನಿಯವರು ಪ್ರಾಯ ಆಯ್ತು ಅಂದ್ರು. ಇನ್ನು ವೀಸಾ ಮಾಡುದಿಲ್ಲವಂತೆ. ಖಲಾಸ್. ಊರಿಗೆ ಹೋಗುದೇ. ತಂಗಿ ಮನೆಯಲ್ಲಿ ಕೋಣೆ ಉಂಟು."

ನನ್ನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಇವರು ಕೇಳಿದರು, "ಯಾವಾಗ ಮಾವ?"

"ಮೂರು ತಿಂಗಳು ಸಮಯ ಕೊಟ್ಟಿದ್ದಾರೆ. ನಾನು ಯಾವಾಗ ಹೇಳ್ತೇನೋ ಆಗ ಟಿಕೆಟ್. ಆದ್ರೆ ಬಿಲ್ಲು ಆಗದೆ ಟಿಕೆಟ್ ಇಲ್ಲ."

"ಎಂತ ಬಿಲ್ಲು? ಕರೆಂಟ್ ಬಿಲ್ಲಾ?"

"ಬೇಟೆಯ ಬಿಲ್ಲು ಮಾರಾಯಾ! ಬಾಣ ಬಿಡುದು!"

ಊರಿಗೆ ಹೊರಟವರು ಕಂಬಳಿ ಕೊಳ್ಳುತ್ತಾರೆ, ಖರ್ಜೂರ ಕೊಳ್ಳುತ್ತಾರೆ, ಟೀವಿ ಕೊಳ್ಳುತ್ತಾರೆ. ಬಿಲ್ಲು ಕೊಂಡವರುಂಟೇ? ಆದರೆ ಮಾವನ ಮಾತಿಗೊಂದು ಬುಡವಿತ್ತು. ಅವರ ಊರಿನ ದೇವಸ್ಥಾನದಲ್ಲಿ ಈಶ್ವರ ಇರುವುದು ಬೇಡನ ವೇಷದಲ್ಲಿ. ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಬಾಣ. ಆ ಊರಿನಿಂದ ಸಮುದ್ರ ದಾಟಿ ದುಡಿಯಲು ಹೋಗುವವರು, ಕೈಕಾಲು ನೆಟ್ಟಗೆ ವಾಪಸ್ಸು ಬಂದರೆ ಒಂದು ಬಿಲ್ಲು ಒಪ್ಪಿಸುತ್ತೇನೆ ಎಂದು ಹರಕೆ ಹೇಳಿಯೇ ಹೊರಡುವುದು ಪದ್ಧತಿ. ಎಲ್ಲರೂ ಹೆಬ್ಬೆರಳಷ್ಟು ಉದ್ದದ ಬೆಳ್ಳಿಯ ಬಿಲ್ಲು ಮಾಡಿಸಿ ಕೊಡುತ್ತಾರೆ. ಅಷ್ಟಕ್ಕೇ ದೇವರಿಗೂ ತೃಪ್ತಿ, ಅಕ್ಕಸಾಲಿಗನಿಗೂ ತೃಪ್ತಿ. ಮಾವನಿಗೆ ಮಾತ್ರ ಇಲ್ಲ.

"ಆ ಬೆಳ್ಳಿಯದ್ದರಲ್ಲಿ ಒಂದು ಇಲಿ ಸಾಯ್ತದಾ? ಹೇಳು ನೋಡುವ. ಬೇಟೆಗೆ ಹೋಗುವ ದೇವರಿಗೆ ಬೇಟೆಯದ್ದೇ ಕೊಡ್ಬೇಕು. ಸ್ಪೆಸಿಫಿಕೇಶನ್ ಸರಿ ಇರ್ಬೇಕಲ್ಲ?"

"ಆದ್ರೆ ಮಾವ, ದೇವರು ನಿಜವಾಗಿ ಬೇಟೆಗೆ..."

"ಹೋಗುದಿಲ್ಲ ಅಂತ ನಿಂಗೆ ಗೊತ್ತುಂಟಾ?"

ಗೊತ್ತಿಲ್ಲ. ದಿನಾ ಎರಡು ಹೊತ್ತು ಕೈ ಮುಗಿಯುವವಳು ನಾನು, ಹಾಗೆಂದು ಹೇಳಲು ನನಗೇನು ಅಧಿಕಾರ? ಸುಮ್ಮನೆ ಇನ್ನೊಂದು ಸೌಟು ಅನ್ನ ಬಡಿಸಿದೆ. ಒಳಗೊಳಗೆ ಮಾತ್ರ ಒಂದು ಸಮಾಧಾನ. ಈ ಮರಳುಗಾಡಿನಲ್ಲಿ ಬೇಟೆಯ ಬಿಲ್ಲು, ಅದೂ ಮಾವ ಹಾಕಿಕೊಂಡ ಬಜೆಟ್ಟಿನಲ್ಲಿ, ಅದೂ ಮೂರು ಕೊಟೇಶನ್ನಿನ ಮೇಲೆ! ಅದು ಸಿಗುವಾಗ ಸಿಗಲಿ. ಅಲ್ಲಿಯವರೆಗೆ ನನಗೆ ಶುಕ್ರವಾರ ಉಂಟು.

ಮುಂದಿನ ಶುಕ್ರವಾರ ಮಾವ ಬಿಲ್ಲುಪಂಡಿತರಾಗಿ ಬಂದರು. ಫೋನಿನಲ್ಲಿ ಹಗಲೂ ರಾತ್ರಿ ಅದೇ ನೋಡಿದ್ದರಂತೆ. ಬಿಲ್ಲನ್ನು ಎಳೆಯಲು ಎಷ್ಟು ಬಲ ಬೇಕೆಂಬುದನ್ನು ಪೌಂಡಿನಲ್ಲಿ ಹೇಳುತ್ತಾರೆ, ಜಿಂಕೆಗೆ ನಲವತ್ತು ಪೌಂಡು ಸಾಕು, ಎಳೆಯುವವನ ಕೈಯ ಅಳತೆ ಗೊತ್ತಿಲ್ಲದೆ ಬಿಲ್ಲು ಕೊಂಡರೆ ಹಣ ದಂಡ, ಹೀಗೆಲ್ಲ. ನಾನು ಪಾಯಸ ತಿರುವುತ್ತಾ ಹೂಂಗುಟ್ಟಿದೆ. ಅಳತೆಯ ಮಾತು ಬಂದದ್ದೇ ತಡ, ಮಾವ ಊರಿನ ಅರ್ಚಕರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಭಟ್ರೇ, ನಮ್ಮ ದೇವರ ಕೈ ಎಷ್ಟು ಉದ್ದ?"

ಆ ಕಡೆಯಿಂದ, "ಯಾರು ಮಾತಾಡುದು?"

ಮಾವ ಹೆಸರು ಹೇಳಿದರು. "ಎರಡೂ ಕೈ ಅಗಲಿಸಿದ್ರೆ ಈ ತುದಿಯಿಂದ ಆ ತುದಿಗೆ ಎಷ್ಟಾಗ್ತದೆ ಅಂತ. ಅದನ್ನು ಎರಡೂವರೆಯಿಂದ ಭಾಗಿಸ್ಬೇಕು. ಹಗ್ಗ ಎಷ್ಟು ಹಿಂದೆ ಬರ್ತದೆ ಅಂತ ಗೊತ್ತಾಗ್ತದೆ."

"ಮಾರಾಯ್ರೇ, ಮೂರ್ತಿ ಇರುದೇ ಒಂದೂವರೆ ಅಡಿ. ಕೈ ಅಗಲಿಸಿಯೂ ಇಲ್ಲ. ನನಗೆ ನೈವೇದ್ಯಕ್ಕೆ ಹೊತ್ತಾಯ್ತು."

ಮಾವ ಫೋನು ಕೆಳಗಿಟ್ಟು ಗಲ್ಲಕ್ಕೆ ಕೈ ಕೊಟ್ಟು ಕುಳಿತರು. ಒಂದೂವರೆ ಅಡಿಗೆ ಲೆಕ್ಕ ಹಾಕಿದರೆ ಮಕ್ಕಳ ಆಟದ ಬಿಲ್ಲು ಬರುತ್ತದೆ. "ಮಗಾ, ಮೂರ್ತಿ ಒಂದೂವರೆ ಅಡಿ, ಸರಿ. ದೇವರು ಒಂದೂವರೆ ಅಡಿಯಾ?"

"ಅಲ್ಲ ಮಾವ."

"ಹಾಗಾದ್ರೆ ದೊಡ್ಡವರ ಸೈಜೇ!" ಎಂದು ಎದ್ದು ಪಾಯಸಕ್ಕೆ ಲೋಟ ಒಡ್ಡಿದರು.

ಮೊದಲನೆಯ ಕೊಟೇಶನ್ ಸಿಕ್ಕಿದ್ದು ದೇಶ ಬಿಟ್ಟು ಹೊರಟಿದ್ದ ಒಬ್ಬ ಎಂಜಿನಿಯರನಿಂದ. ಸೋಫಾ, ವಾಷಿಂಗ್ ಮೆಷಿನ್ನಿನ ಜೊತೆ ಅವನ ಬಿಲ್ಲೂ ಮಾರಾಟಕ್ಕಿತ್ತು. ನಾವು ಮೂವರೂ ನೋಡಲು ಹೋದೆವು. ನನಗೆ ಬಿಲ್ಲು ಎಂದರೆ ಒಂದು ಬಾಗಿದ ಕೋಲು, ಒಂದು ಹಗ್ಗ. ಇದಕ್ಕೋ, ಎರಡೂ ತುದಿಯಲ್ಲಿ ಗಾಲಿ, ಗಾಲಿಯಿಂದ ಗಾಲಿಗೆ ಮೂರು ಸುತ್ತು ಹಗ್ಗ, ನಡುವೆ ಗುರಿ ನೋಡಲು ಒಂದು ಕಣ್ಣು!

"ಇದೆಂತ, ಸೈಕಲ್ ಬಿಚ್ಚಿ ಮಾಡಿದ್ದಾ?" ಎಂದರು ಇವರು.

ಬೆಲೆ ಚೆನ್ನಾಗಿತ್ತು. ಎಳೆಯಲೂ ಸುಲಭ, ಗಾಲಿಗಳೇ ಅರ್ಧ ಭಾರ ಹೊರುತ್ತವಂತೆ. ಮಾವ ಕೊಂಡೇಬಿಟ್ಟರು, ನನ್ನ ಶುಕ್ರವಾರ ಮುಗಿಯಿತು ಎಂದುಕೊಂಡೆ. ಆಗ ಅವರು ಎಂಜಿನಿಯರನನ್ನು ಕೇಳಿದರು, ಹಗ್ಗ ಹಳತಾದರೆ ಏನು ಮಾಡುವುದು? ಅದಕ್ಕೆ ಬಿಲ್ಲನ್ನು ಒತ್ತಿ ಹಿಡಿಯುವ ಒಂದು ಯಂತ್ರ ಬೇಕು, ಅಂಗಡಿಗೇ ಒಯ್ಯಬೇಕು ಎಂದ.

"ಮಾಫಿ", ಬೇಡವೇ ಬೇಡ, ಎಂದರು ಮಾವ, ಇಷ್ಟು ವರ್ಷದ ಅರಬಿಯನ್ನೆಲ್ಲ ಒಂದೇ ಮಾತಿನಲ್ಲಿ ಇಳಿಸಿ. ದಾರಿಯಲ್ಲಿ ನಮಗೆ ವಿವರಿಸಿದರು, "ಕಡಿಮೆಗೆ ಸಿಕ್ಕಿದ್ದೆಲ್ಲ ಅಗ್ಗ ಅಲ್ಲ. ಭಟ್ರಿಗೆ ಅದರ ರಿಪೇರಿ ಗೊತ್ತುಂಟಾ? ನಾಳೆ ಹಗ್ಗ ತುಂಡಾದ್ರೆ ದೇವರು ಅದನ್ನು ಹಿಡ್ಕೊಂಡು ಮಂಗಳೂರಿಗೆ ಬಸ್ಸು ಹತ್ತುದಾ?"

ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಇನ್ನೊಂದು ಶುಕ್ರವಾರ ಉಳಿಯಿತಲ್ಲ!

ಎರಡನೆಯದು ಇಂಟರ್ನೆಟ್ಟಿನಲ್ಲಿ ಕಂಡದ್ದು, ಒಂದೇ ಮರದ ತುಂಡಿನಿಂದ ಮಾಡಿದ ಉದ್ದದ ಬಿಲ್ಲು. ಗಾಲಿಯಿಲ್ಲ, ಕಣ್ಣಿಲ್ಲ, ಥೇಟ್ ದೇವರ ಕೈಯದ್ದೇ. ಹಗ್ಗವನ್ನು ಕೈಯಲ್ಲೇ ಹಾಕಬಹುದು. ಮಾವ ಮನಸೋತರು. ಆದರೆ ಉದ್ದ? ನಮ್ಮ ನೆಲ ಒರೆಸುವ ಕೋಲನ್ನು ತಂದು ಅವರ ಸೂಟ್‌ಕೇಸಿನ ಮೇಲೆ ಅಡ್ಡ ಇಟ್ಟು ನೋಡಿದೆವು, ಓರೆಯಾಗಿ ಇಟ್ಟು ನೋಡಿದೆವು. ಕೋಲು ಎರಡೂ ಕಡೆಯಿಂದ ಹೊರಗೆ ಇಣುಕಿತು.

"ಅದೂ ಅಲ್ಲದೆ ಕಸ್ಟಮ್ಸಿನವರು ಪಾರ್ಸೆಲ್ ಹಿಡಿದು, ಯಾರ ಬೇಟೆಗೆ ಇದು ಅಂತ ಕೇಳಿದ್ರೆ?" ಎಂದರು ಇವರು.

"ದೇವರ ಬೇಟೆಗೆ ಅಂತೇನೆ."

"ಆಮೇಲೆ ನಿಮ್ಮನ್ನು ಬಿಡಿಸ್ಲಿಕ್ಕೆ ಆ ದೇವರೇ ಬರ್ಬೇಕಾದೀತು ಮಾವ!"

ಹೀಗೆ ಎರಡನೆಯದೂ ಹೋಯಿತು. ರಾತ್ರಿ ದೇವರ ಮುಂದೆ ನಿಂತು ಏನು ಬೇಡಬೇಕೆಂದೇ ನನಗೆ ತೋಚಲಿಲ್ಲ. ಬಿಲ್ಲು ಸಿಗಲಿ ಎಂದರೆ ಮನಸ್ಸು ಒಪ್ಪದು. ಸಿಗದಿರಲಿ ಎನ್ನಲು ಅದು ದೇವರದ್ದೇ ಬಿಲ್ಲು! ಸುಮ್ಮನೆ ಬತ್ತಿ ಸರಿಮಾಡಿ ಬಂದೆ.

ಮೂರನೆಯದು ದೋಹಾದಲ್ಲೇ, ಕ್ಯಾಂಪಿಂಗ್ ಸಾಮಾನಿನ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯಲ್ಲಿದ್ದವರು ನಡುವಯಸ್ಸಿನ ಒಬ್ಬ ಮಲಯಾಳಿ. ಮಾತು ಹಿಂದಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ.

"ಯಾರಿಗೆ ಅಂಕಲ್, ನಿಮಗೇ?"

"ಅಲ್ಲ, ನನಗಿಂತ ದೊಡ್ಡವರಿಗೆ."

"ಹೊಸದಾಗಿ ಕಲಿಯುವವರಾ, ಅನುಭವ ಉಂಟಾ?"

"ಅನುಭವ ಬೇಕಾದಷ್ಟುಂಟು."

"ವಯಸ್ಸು?"

ಮಾವ ನನ್ನ ಮುಖ ನೋಡಿದರು. ನಾನು ಚಾವಣಿ ನೋಡಿದೆ. "ಹೇಳ್ಲಿಕ್ಕೆ ಕಷ್ಟ" ಎಂದರು ಮಾವ. "ಆದ್ರೆ ಗಟ್ಟಿ ಇದ್ದಾರೆ."

ಆತ ತಂದಿಟ್ಟದ್ದು ಬಿಚ್ಚಿ ಜೋಡಿಸುವ ಬಿಲ್ಲು. ನಡುವಿನ ಮರದ ಹಿಡಿ ಒಂದು, ಮೇಲೆ ಕೆಳಗೆ ತಿರುಪಿ ಕೂರಿಸುವ ಎರಡು ತೋಳು. ಮೂರು ತುಂಡಾಗಿ ಸೂಟ್‌ಕೇಸಿನಲ್ಲಿ ಮಲಗುತ್ತದೆ. ಒಂದು ತೋಳು ಹಾಳಾದರೆ ಅದನ್ನಷ್ಟೇ ಬದಲಾಯಿಸಬಹುದು. ಹಗ್ಗ ಹಾಕಲು ಭಟ್ಟರೇ ಸಾಕು. ನಲವತ್ತು ಪೌಂಡು. ಬೆಲೆ ಮಾವನ ಬಜೆಟ್ಟಿನೊಳಗೆ. ಇಷ್ಟೆಲ್ಲ ಸರಿಯಿದ್ದರೂ ಮಾವ ಒಪ್ಪುವವರೇ? ಎಳೆದು ನೋಡದೆ ಸಾಮಾನು ಪಡೆಯುವ ಹಾಗಿಲ್ಲ! ಅವರ ಭುಜ ಬಾವಿಯ ಹಗ್ಗ ಎಳೆಯುವುದನ್ನು ಬಿಟ್ಟೇ ಎಷ್ಟೋ ಕಾಲವಾಯಿತು, ಬಿಲ್ಲು ಒಂದು ಗೇಣೂ ಬಗ್ಗಲಿಲ್ಲ. ಇವರು ಎಳೆದರು. ಅರ್ಧಕ್ಕೆ ಬಂದಾಗ ಮುಖ ಕುಂಕುಮದಂತಾಯಿತು. "ಎಳೀಬಹುದು, ಆದ್ರೆ ಶರ್ಟು ಹರೀತದೆ" ಎಂದು ಮರ್ಯಾದೆಯಿಂದ ಬಿಟ್ಟುಕೊಟ್ಟರು.

"ನೀನು ನೋಡು ಮಗಾ" ಎಂದರು ಮಾವ.

ನಾನು! ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿದೆ. ಎಡಗೈಯಲ್ಲಿ ಹಿಡಿದು, ಆತ ತೋರಿಸಿದ ಹಾಗೆ ಮೂರು ಬೆರಳಿನಲ್ಲಿ ಹಗ್ಗ ಹಿಡಿದೆ. ತೆಂಗಿನಕಾಯಿ ತುರಿದ ಕೈ, ಬೆಡ್‌ಶೀಟು ಹಿಂಡಿದ ಕೈ, ಲಿಫ್ಟು ಕೆಟ್ಟ ದಿನ ಅಕ್ಕಿಯ ಚೀಲ ಮೂರು ಮಾಳಿಗೆ ಹೊತ್ತ ಕೈ. ಹಗ್ಗ ಹಿಂದೆ ಬಂತು. ಅರ್ಧಕ್ಕೆ ಬಂದಾಗ ಒಂದು ಯೋಚನೆ ಬಂತು. ಇಲ್ಲಿಗೇ ನಿಲ್ಲಿಸಿ, "ಅಯ್ಯೋ ಗಟ್ಟಿ ಉಂಟು, ಬೇಡ ಮಾವ" ಎಂದರೆ ಮುಗಿಯಿತು. ಇನ್ನು ನಾಲ್ಕು ಶುಕ್ರವಾರವಾದರೂ ಸಿಗುತ್ತದೆ. ಆದರೆ ದೇವರ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳುವುದು ಹೇಗೆ? ಅದೂ, ಇಷ್ಟು ವರ್ಷ ಊರಿನ ದಾರಿ ಕಾದ ಮನುಷ್ಯನಿಗೆ?

ಎಳೆದೆ. ಹಗ್ಗ ಗಲ್ಲದವರೆಗೆ ಬಂತು.

"ಬಿಡ್ಬೇಡಿ!" ಎಂದು ಅಂಗಡಿಯಾತ ಕಿರುಚಿದರು. ಬಾಣವಿಲ್ಲದೆ ಹಗ್ಗ ಬಿಟ್ಟರೆ ಬಿಲ್ಲು ಸೀಳಿಹೋಗುತ್ತದಂತೆ. ಎಳೆದಷ್ಟೇ ನಿಧಾನವಾಗಿ ವಾಪಸ್ಸು ತರಬೇಕಂತೆ. ನಿಜ ಹೇಳುತ್ತೇನೆ, ಎಳೆಯುವುದು ಅಷ್ಟು ಕಷ್ಟವಾಗಲಿಲ್ಲ. ಹಿಂದಕ್ಕೆ ಬಿಡುವಾಗ ತೋಳು ನಡುಗಿತು.

"ಇದು ಸರಿ ಉಂಟು" ಎಂದರು ಮಾವ ಮೆಲ್ಲಗೆ. "ಪ್ಯಾಕ್ ಮಾಡಿ."

ಬಿಲ್ಲು ಆಯಿತು, ಟಿಕೆಟ್ಟೂ ಆಯಿತು. ಸೂಟ್‌ಕೇಸಿನಲ್ಲಿ ನನ್ನ ಎರಡು ದಿಂಬಿನ ಚೀಲ ಸುತ್ತಿಕೊಂಡು ದೇವರ ಬಿಲ್ಲು ವಿಮಾನ ಹತ್ತಿತು. ಬಾಣದ ಮೊನೆಯನ್ನು ಊರಿನ ಆಚಾರಿಯ ಹತ್ತಿರ ಮಾಡಿಸುತ್ತಾರಂತೆ. ವಿಮಾನ ನಿಲ್ದಾಣದಲ್ಲಿ ಮಾವ ಹಿಂದಿರುಗಿ ನೋಡಲಿಲ್ಲ. ನೋಡದ್ದೇ ಒಳ್ಳೆಯದಾಯಿತು, ನನ್ನ ಮುಖ ನೋಡುವ ಹಾಗಿರಲಿಲ್ಲ.

ಆಮೇಲಿನ ಶುಕ್ರವಾರ ಇವರಿಗೂ ಸೈಟಿನಲ್ಲಿ ಅವಸರದ ಕೆಲಸ. ನಾನೊಬ್ಬಳೇ. ಅನ್ನಕ್ಕೆ ನೀರಿಡುವಾಗ ಫೋನು ಬಂತು. ಮಾವ! ಹಿಂದೆ ಗಂಟೆಯ ಸದ್ದು.

"ಮಗಾ, ಬಿಲ್ಲು ಒಪ್ಪಿಸ್ಲಿಕ್ಕೆ ಬಂದಿದ್ದೇನೆ. ಯಾರ ಹೆಸರಲ್ಲಿ ಪ್ರಾರ್ಥನೆ ಅಂತ ಭಟ್ರು ಕೇಳಿದ್ರು. ನಿನ್ನ ಹೆಸರು ಹೇಳಿದೆ."

"ನನ್ನದು ಯಾಕೆ ಮಾವ? ಹರಕೆ ನಿಮ್ಮದಲ್ವಾ?"

"ಕೈಕಾಲು ನೆಟ್ಟಗೆ ಬಂದ್ರೆ ಅಂತಲ್ವಾ ಹರಕೆ? ಈ ಕೈಕಾಲಿಗೆ ಅನ್ನ ಹಾಕಿದ್ದು ಯಾರು? ನಕ್ಷತ್ರವನ್ನೂ ಹೇಳಿದ್ದೇನೆ, ನಿನ್ನ ಗಂಡನ ಹತ್ರ ಮೊದಲೇ ಕೇಳಿ ಇಟ್ಕೊಂಡಿದ್ದೆ. ಈಗ ಮಾತಾಡ್ಬೇಡ, ಇರು."

ಫೋನನ್ನು ಎಲ್ಲೋ ಮುಂದಕ್ಕೆ ಹಿಡಿದರೆಂದು ಕಾಣುತ್ತದೆ. ಅವರ ಸ್ವರ ದೂರವಾಯಿತು. ಆದರೂ ಭಟ್ಟರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸ್ವಲ್ಪ ಗಟ್ಟಿ ಹೇಳಿ ಭಟ್ರೇ. ಅಲ್ಲಿ ಒಬ್ಬಳೇ ಇರ್ತಾಳೆ ಅವಳು. ಅವಳಿಗೆ ಕೇಳ್ಬೇಕು."

ಭಟ್ಟರು ಗಟ್ಟಿಯಾಗಿಯೇ ಹೇಳಿದರು. ನನ್ನ ನಕ್ಷತ್ರ, ನನ್ನ ಹೆಸರು, ಒಂದೊಂದು ಅಕ್ಷರವನ್ನೂ ಬಿಡಿಸಿ, ದೇವರ ಎದುರು ನಿಂತು. ನಾನು ಒಲೆಯ ಮುಂದೆ ಒಂದು ಕೈಯಲ್ಲಿ ಫೋನು ಹಿಡಿದು, ಅಲ್ಲೇ ಯಾರೋ ಕರೆದರೆಂಬಂತೆ, "ಹೂಂ, ಇದ್ದೇನೆ" ಎಂದೆ.