ಐದು ಕುದುರೆಯ ಭಾವ

ಈ ಮನೆಯಲ್ಲಿ ಬೀಡುಬಿಟ್ಟಿರುವ ಶೋಕವನ್ನು ಐದು ಅಶ್ವಶಕ್ತಿ ಹಚ್ಚಿ ಎಳೆದು ಹೊರಹಾಕದಿದ್ದರೆ ನಾನು ಕಾನ್ವೆಂಟಿನಲ್ಲಿ ಕಲಿತವಳೇ ಅಲ್ಲ! ಹೀಗೆಂದು ನಾನು ಶಪಥ ಮಾಡಿದ್ದು ಹಿರಿಯೂರಿನ ನಮ್ಮ ಅಡುಗೆಮನೆಯಲ್ಲಿ, ಸಾರಿಗೆ ಒಗ್ಗರಣೆ ಹಾಕುವಾಗ. ಸಾಕ್ಷಿಗೆ ಇದ್ದದ್ದು ಸಾಸಿವೆ. ಅದೂ ಸಿಡಿದು ಓಡಿಹೋಯಿತು.

ಕಾನ್ವೆಂಟಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮಮ್ಮ ಚಿತ್ರದುರ್ಗದ ಒಂದು ಕಾನ್ವೆಂಟಿನಲ್ಲಿ ಅಡುಗೆ ಮಾಡುತ್ತಿದ್ದಳು. ಆಕೆ ಸಿಸ್ಟರುಗಳಿಗೆ ಮಸ್ಸೊಪ್ಪು ಕಲಿಸಿದಳು, ಅವರು ನನಗೆ ಇಂಗ್ಲಿಷು ಕಲಿಸಿದರು. ಲಾಭ ಯಾರಿಗಾಯಿತೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಇಂಗ್ಲಿಷಿನ ಬಲದಿಂದ ನನಗೆ ಹಿರಿಯೂರಿನಲ್ಲಿ ಟೀಚರ್ ಕೆಲಸವೂ, ತಾಲ್ಲೂಕು ಕಚೇರಿಯ ಯತ್ತಪ್ಪ ಎಂಬ ಗಂಡನೂ ಒಟ್ಟಿಗೇ ದೊರೆತರು.

ನಮ್ಮ ಯಜಮಾನರು ಆರು ದಿನ ಗುಮಾಸ್ತ, ಭಾನುವಾರ ಬೆಸ್ತ. ಮಾರಿಕಣಿವೆಯ ಹಿನ್ನೀರಿನಲ್ಲಿ ಅವರದೂ ಅವರಣ್ಣ ಗುಡ್ಡಪ್ಪನವರದೂ ಒಂದು ಪುಟ್ಟ ದೋಣಿ. ಹಿಂಬದಿಯ ಹಲಗೆಯ ಮೇಲೆ ಕೂತು ಅಣ್ಣ ಹುಟ್ಟು ಹಾಕಬೇಕು, ಮುಂದೆ ನಿಂತು ತಮ್ಮ ಬಲೆ ಬೀಸಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಮೀನಿಲ್ಲ. ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಭಾವನವರು ಏಳಲಿಲ್ಲ. ಹುಟ್ಟು ಹಾಕುತ್ತಿದ್ದವರನ್ನೇ ಸಾವು ಎಳೆದುಕೊಂಡು ಹೋಯಿತು.

ಅಂದಿನಿಂದ ದೋಣಿ ದಡದಲ್ಲಿ ಬೋರಲು, ಯಜಮಾನರು ಜಗಲಿಯಲ್ಲಿ ಬೋರಲು. ಭಾನುವಾರ ಬಂದರೆ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹರಿಯದ ಜಾಗವನ್ನು ಹೊಲಿಯುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಮಾತಿಗೆ ಕರೆದರೆ ಇಲ್ಲ. ಹಿಂದಿನ ಮನೆಯಲ್ಲಿ ಓರಗಿತ್ತಿ ಮಲ್ಲಕ್ಕನದು ಇನ್ನೊಂದು ಮೌನ. ಎರಡು ಮೌನಗಳ ನಡುವೆ ನಾನೊಬ್ಬಳೇ ಆಕಾಶವಾಣಿ! ಬೇರೆ ಯಾರನ್ನಾದರೂ ಹುಟ್ಟಿಗೆ ಕೂರಿಸಿಕೊಳ್ಳಿ ಎಂದು ಅಂಗಲಾಚಿದೆ.

"ಅಣ್ಣನ ಜಾಗದಾಗೆ ಇನ್ನೊಬ್ಬ ಮನುಷ್ಯ ಕುಂತ್ರೆ ನನಗೆ ನೋಡಕಾಗಲ್ಲ," ಎಂದರು.

ಮನುಷ್ಯ ಬೇಡ ತಾನೇ? ಯಂತ್ರ ಕೂರಲಿ! ತರ್ಕಶಾಸ್ತ್ರವನ್ನು ಸಿಸ್ಟರುಗಳು ನನಗೆ ಸುಮ್ಮನೆ ಕಲಿಸಿರಲಿಲ್ಲ.

ದೋಣಿಯ ಬೆನ್ನಿಗೆ ಕಚ್ಚಿಸುವ ಮೋಟರು ಸಮುದ್ರದ ಊರುಗಳಲ್ಲಿ ಸಿಗುತ್ತದಂತೆ. ನನಗೆ ಸಿಕ್ಕಿದ್ದು ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ! ಮಂಡಿಯ ಮುರುಗಪ್ಪನವರು ಅದನ್ನು ಯಾವುದೋ ಹರಾಜಿನಲ್ಲಿ ಕೊಂಡಿದ್ದರು. ತುದಿಯಲ್ಲಿ ರೆಕ್ಕೆಗಳನ್ನು ಕಂಡು ಅಡಿಕೆ ಒಣಗಿಸುವ ಫ್ಯಾನೆಂದು ತಿಳಿದಿದ್ದರಂತೆ. ಮಹಾಯುದ್ಧವನ್ನು ಕಣ್ಣಾರೆ ನೋಡಿದ ಬಿಲಾಯ್ತಿ ಯಂತ್ರ. ಅದರ ಮೈಯ ತುಕ್ಕು ನೋಡಿದರೆ ಯುದ್ಧದಲ್ಲಿ ಸೋತವರ ಕಡೆಯದೇ ಇರಬೇಕು.

"ನಡೀತೈತಾ?" ಎಂದೆ.

"ನಾವು ಲಿಂಗ ಕಟ್ಟಿದೋರು ಕಣಮ್ಮ," ಎಂದರು ಮುರುಗಪ್ಪ. "ಮೀನಿನ ಹಿಂದೆ ಓಡೋ ಯಂತ್ರನ ನಾನ್ಯಾಕೆ ನಡೆಸಿ ನೋಡ್ಲಿ? ಒಟ್ನಾಗೆ ಮಂಡಿಯಿಂದ ಹೊರಗೆ ಹೋದ್ರೆ ಸಾಕು."

ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಂಬದಿರುವುದು ಹೇಗೆ? ಬಳೆಗೆಂದು ಕೂಡಿಟ್ಟಿದ್ದನ್ನು ಅವರ ಕೈಗಿಟ್ಟು, ಹಳೇ ಸೀರೆಯಲ್ಲಿ ಮೋಟರನ್ನು ಸುತ್ತಿ, ಎಣ್ಣೆ ಸೋರುವ ತಲೆಗೆ ಸೆರಗು ಹೊದಿಸಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಹತ್ತಿರ ಕೂತಿದ್ದ ಮುದುಕಿ ಬಹಳ ಹೊತ್ತು ನೋಡಿ, ಉಸಿರು ಐತಾ ಎಂದು ಮೆಲ್ಲಗೆ ಕೇಳಿದಳು. ಇನ್ನೂ ಗೊತ್ತಿಲ್ಲಮ್ಮ, ತೀರಿಹೋದ ನಮ್ಮ ಭಾವನ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದೆ. ಮುದುಕಿ ಎದ್ದು ಕೊನೆಯ ಸೀಟಿಗೆ ಹೋದಳು. ದುರ್ಗದವರೆಗೂ ಇಡೀ ಸೀಟು ನಮ್ಮಿಬ್ಬರದೇ!

ಯಜಮಾನರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಷ್ಟು ಶಕ್ತಿ ಎಂದರು. ಐದು ಕುದುರೆ ಎಂದೆ.

"ನೀರಾಗೆ ಕುದುರೆಗೇನು ಕೆಲ್ಸ?" ಎಂದು ಮತ್ತೆ ಬಲೆಯ ಹಿಂದೆ ಕೂತರು.

ಆದರೆ ಲಾರಿ ಮೆಕ್ಯಾನಿಕ್ ಒಬ್ಬ ಅದನ್ನು ಬಿಚ್ಚಿ, ತೊಳೆದು, ಕೆಮ್ಮಿಸಿ ಬದುಕಿಸಿದ ಮೇಲೆ, ಶನಿವಾರ ಸಂಜೆ ಯಾರೂ ಹೇಳದೆ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ, ನಾಳೆಗೆಂದು ಗಾಳಿಗೆ ಹರವಿದರು. ನಾನು ಬಾಗಿಲ ಸಂದಿಯಿಂದ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಈ ಒಂದು ಭಾನುವಾರ ಅವರು ನೀರಿಗೆ ಇಳಿದುಬಿಟ್ಟರೆ ಸಾಕಿತ್ತು.

ದಡದಲ್ಲಿ ಪೂಜೆಯಾಗಬೇಕಲ್ಲ! ಗಂಗಮ್ಮನಿಗೆ ನಡುನೀರಿನಲ್ಲಿ ಬಿಡಲು ಮೊರದ ಬಾಗಿನವನ್ನೂ ತಂದಿದ್ದೆ. ಮಲ್ಲಕ್ಕ ಮಾತ್ರ ದೂರದಲ್ಲಿ ಕಲ್ಲಿನ ಹಿಂದೆ ನಿಂತಿದ್ದಳು. ಗಂಡ ಹೋದ ಮೇಲೆ ಅರಿಶಿನದ ಬಟ್ಟಲನ್ನು ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ.

"ನಾನು ಮುಟ್ಟಬಾರ್ದು ಕಣೇ," ಎಂದಳು.

"ಅದು ಭಾವನ ಜಾಗ ಅಕ್ಕ. ನೀನು ಅರಿಶಿನ ಹಚ್ಚದಿದ್ರೆ ಮೋಟರು ಇಲ್ಲೇ ದಡದಾಗೆ ಇರ್ಲಿ."

ಅವಳು ಬಂದಳು. ಮೊದಲು ಒಂದು ಬೆರಳು. ಆಮೇಲೆ ಅಂಗೈ. ಆಮೇಲೆ ಹರಳೆಣ್ಣೆಯ ಸೀಸೆಯನ್ನೇ ಬಗ್ಗಿಸಿಕೊಂಡಳು. ಭಾವ ಕೂರುತ್ತಿದ್ದ ಹಲಗೆಯನ್ನು, ಹಬ್ಬದ ದಿನ ಬೆನ್ನು ತಿಕ್ಕುವಂತೆ, ಎಣ್ಣೆ ಅರಿಶಿನ ಬೆರೆಸಿ ನೀವಿದಳು, ನೀವಿದಳು, ನೀವುತ್ತಲೇ ಇದ್ದಳು. ಅದರ ಮೇಲೆ ನಾನೊಂದು ಕೆಂಪು ರವಿಕೆ ಕಣ ಹಾಸಿ, ಮೋಟರನ್ನು ಏರಿಸಿ, ನನ್ನ ಕೈಯಾರೆ ತಿರುಪು ಬಿಗಿದೆ.

"ಒಂದು ಹಗ್ಗಾನೂ ಬಿಗಿಯಾಣ," ಎಂದರು ಯಜಮಾನರು.

ಬಿಲಾಯ್ತಿ ಯಂತ್ರವನ್ನು ಎಮ್ಮೆಯಂತೆ ಕಟ್ಟಿಹಾಕುವುದೇ? ಸಾಧ್ಯವಿಲ್ಲವೆಂದೆ. ಅವರು ದೋಣಿಯಲ್ಲಿಟ್ಟ ಹುಟ್ಟುಗಳನ್ನೂ ತೆಗೆದು ಮಲ್ಲಕ್ಕನ ಕೈಗೆ ಕೊಟ್ಟೆ. ಐದು ಕುದುರೆ ಇರುವಾಗ ಎರಡು ಕಟ್ಟಿಗೆ ಯಾಕೆ?

ಬಾಗಿನ ಹಿಡಿದು ನಾನೂ ದೋಣಿ ಹತ್ತಿ ನಡುವೆ ಕೂತೆ. ಯಜಮಾನರು ಮೋಟರಿನ ಸ್ಟಾರ್ಟಿನ ಹಗ್ಗ ಎಳೆದು ಮುಂದಕ್ಕೆ ಬಂದರು. ಹೊಗೆ! ಸದ್ದು! ಆ ದಡದ ಕೊಕ್ಕರೆಗಳೆಲ್ಲ ಈ ದಡಕ್ಕೆ, ಈ ದಡದವೆಲ್ಲ ಆ ದಡಕ್ಕೆ! ದೋಣಿ ಬಾಣದಂತೆ ಹೊರಟಿತು. ನಿಲ್ಲಿಸುವ ಉಪಾಯ ಇಬ್ಬರಿಗೂ ತಿಳಿಯದಿದ್ದರೂ, ಅವರ ಮುಖದಲ್ಲಿ ತಿಂಗಳುಗಟ್ಟಲೆ ಕಾಣದಿದ್ದ ಏನೋ ಒಂದು ಕಂಡಿತು. ನೋಡಿದಿರಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಮೋಟರು ಕುಣಿಯತೊಡಗಿತು. ಅರಿಶಿನದೆಣ್ಣೆಯ ಮೇಲೆ ಎಡಕ್ಕೆ ಜಾರಿತು, ಬಲಕ್ಕೆ ಜಾರಿತು, ಊಟ ಮುಗಿಸಿದ ಹಿರಿಯರಂತೆ ಒಮ್ಮೆ ತೇಗಿ, ಹಲಗೆಯಿಂದೆದ್ದು, ಕೆಂಪು ಕಣವನ್ನು ಬಾವುಟದಂತೆ ಬೀಸುತ್ತ ಬುಳಕ್ಕನೆ ನೀರಿಗಿಳಿಯಿತು.

ಒಂದಷ್ಟು ಗುಳ್ಳೆ. ಆಮೇಲೆ ಅದೇ ಹಳೆಯ ಮೌನ.

"ಕಣ ಇಸ್ಕಂಡು ಹೋತು," ಎಂದರು ಯಜಮಾನರು.

ದಡದಿಂದ ಮಲ್ಲಕ್ಕನ ದನಿ ಕೇಳಿತು. ಅಳುತ್ತಿದ್ದಾಳೆಂದುಕೊಂಡು ನನ್ನ ಜೀವ ಹೋಯಿತು. ಎರಡನೇ ಸಲ ಅವಳ ಗಂಡನನ್ನು ಕಳೆದವಳು ನಾನಾದೆನಲ್ಲ! ನೋಡಿದರೆ, ಹುಟ್ಟುಗಳನ್ನು ತಬ್ಬಿಕೊಂಡು ನೆಲಕ್ಕೆ ಕುಸಿದು ನಗುತ್ತಿದ್ದಾಳೆ.

"ಅವ್ರೂ ಹಿಂಗೇ ಕಣೇ," ಎಂದು ಕೂಗಿದಳು. "ಕೆಲ್ಸ ಹೇಳಿದ್ ಕೂಡ್ಲೆ ನೀರಿಗೆ ಬೀಳೋರು."

ಯಜಮಾನರು ಮುಂದಕ್ಕೆ ಮುಖ ಮಾಡಿ ಕೂತಿದ್ದರು. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ.

ಹುಟ್ಟು ದಡದಲ್ಲಿ, ನಾವು ನಡುನೀರಿನಲ್ಲಿ. ಕೊನೆಗೆ ಗಂಗಮ್ಮನ ಕ್ಷಮೆ ಕೇಳಿ ಬಾಗಿನವನ್ನು ನೀರಿಗೆ ಸುರಿದು, ಖಾಲಿ ಮೊರ ಹಿಡಿದು, ಆ ಜಿಡ್ಡು ಹಲಗೆಯ ಮೇಲೆ ಕೂತು ನೀರು ತಳ್ಳತೊಡಗಿದೆ. ಸೀರೆಯೆಲ್ಲ ಅರಿಶಿನ. ದೋಣಿ ಮೆಲ್ಲಗೆ ಅಲುಗಿತು. ಸ್ವಲ್ಪ ಹೊತ್ತಿಗೆ ಯಜಮಾನರು ಎದ್ದು ನಿಂತರು. ಬಲೆ ಕೈಗೆ ಬಂತು. ಕಣ್ಣು ನೀರಿನ ಮೇಲಿತ್ತು.

"ಎಡಕ್ಕೆ ಒತ್ತಣ್ಣ," ಎಂದರು.

ಬದುಕಿನಲ್ಲಿ ಉತ್ತರ ಕೊಡದೆ ಬಿಟ್ಟ ಮಾತು ನನಗೆ ಅದೊಂದೇ. ಎಡಕ್ಕೆ ಒತ್ತಿದೆ. ಬಲೆ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ದುಂಡಗೆ ಬಿತ್ತು.

ಸಿಕ್ಕಿದ್ದು ನಾಲ್ಕು ಚಿಳ್ಳೆ ಮೀನು. ಮಲ್ಲಕ್ಕ ಸಾರು ಮಾಡಿದಳು.

ಈಗ ಪ್ರತಿ ಭಾನುವಾರ ಆ ಹಲಗೆ ನನ್ನದು. ಮೊರದಿಂದ ಹುಟ್ಟಿಗೆ ಬಡ್ತಿಯಾಗಿದೆ. ಸೋಮವಾರ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎಬಿಸಿಡಿಯಲ್ಲಿ ಬಿಯ ಹೊಟ್ಟೆ ನಡುಗುತ್ತದೆ. ಮೊನ್ನೆ ಹೊಳಲ್ಕೆರೆಯ ಮುರುಗಪ್ಪನವರು ಕಚೇರಿ ಕೆಲಸಕ್ಕೆಂದು ಬಂದವರು ನಮ್ಮ ಮನೆಗೂ ಬಂದು, ಜಗಲಿಯಲ್ಲಿ ಕೂತು, ಮೋಟರು ಹೆಂಗೈತೆ ಎಂದು ಯಜಮಾನರನ್ನು ವಿಚಾರಿಸಿದರು. ಒಳಗೆ ಕಾಫಿ ಸೋಸುತ್ತಿದ್ದ ನಾನು, ಮಾನ ಹೋಯಿತಲ್ಲಪ್ಪ ಎಂದು ಕಿವಿ ನಿಮಿರಿಸಿದೆ.

ಯಜಮಾನರು ಸಾವಕಾಶವಾಗಿ ಹೇಳಿದರು:

"ಹಳೇದು. ಸದ್ದು ವಿಪರೀತ. ಬೆಳಿಗ್ಗೆ ಕಾಫಿ ಹುಯ್ಯದಿದ್ರೆ ಸ್ಟಾರ್ಟ್ ಆಗಲ್ಲ. ಆದ್ರೆ ಎಡಕ್ಕೆ ಅಂದ್ರೆ ಎಡಕ್ಕೆ ಹೋಗ್ತೈತೆ."